ಮಕ್ಕಳ ವಿದೇಶಿ ಖಾತೆಗೆ ಹಣ: ಸೇವಿಂಗ್ಸಿಗಾ, ಚೆಕಿಂಗಿಗಾ? ಮುಂಬಯಿಯ ತಂದೆತಾಯಿ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಠಾಣೆ, ಡೊಂಬಿವಲಿ, ಪುಣೆಯ ಎಷ್ಟೋ ಕನ್ನಡದ ಮನೆಗಳ ಮಕ್ಕಳು ಈಗ ಹೊರದೇಶದಲ್ಲಿ ಓದುತ್ತಿದ್ದಾರೆ. ಕಾಲೇಜಿನ ಫೀಸು, ಮನೆ ಬಾಡಿಗೆ ಎಲ್ಲ ಇಲ್ಲಿಂದಲೇ ಹೋಗಬೇಕು. ನಾನು ಫೋರ್ಟ್ ಕಡೆಯ ಒಂದು ಬ್ಯಾಂಕಿನ ವಿದೇಶಿ ವಿನಿಮಯ ಕೌಂಟರಿನಲ್ಲಿ ಬಹಳ ಕಾಲ ಕೆಲಸ ಮಾಡಿದವನು. ಈಗಲೂ ಮದುವೆ ಮನೆಯಲ್ಲಿ, ಸಂಘದ ಕಾರ್ಯಕ್ರಮದಲ್ಲಿ ಸಿಕ್ಕವರು ಕೇಳುವುದು ಇದನ್ನೇ. ಕಷ್ಟಪಟ್ಟು ಕೂಡಿಟ್ಟ ದುಡ್ಡು ಒಂದು ತಪ್ಪು ನಂಬರಿನಿಂದ ವಾರಗಟ್ಟಲೆ ದಾರಿಯಲ್ಲಿ ಸಿಕ್ಕಿಕೊಳ್ಳಬಾರದು, ಅದಕ್ಕೇ ಇದನ್ನು ಬರೆದಿದ್ದೇನೆ. ಹೆಚ್ಚಿನ ಉತ್ತರಗಳು ಅಮೆರಿಕಕ್ಕೆ ಸಂಬಂಧಿಸಿದವು. ಬೇರೆ ದೇಶಗಳ ವಿಷಯ ನಡುವೆ ಬರುತ್ತದೆ.

ಮಗಳ ಹತ್ತಿರ ಸೇವಿಂಗ್ಸ್ ಅಕೌಂಟ್ ಮಾತ್ರ ಇದೆ. ಇಲ್ಲಿಂದ ವೈರ್ ಮಾಡಿದರೆ ಹಣ ಸೇರುತ್ತದಾ?

ವೈರ್ ಅಂದರೆ ಒಂದು ಬ್ಯಾಂಕು ಇನ್ನೊಂದಕ್ಕೆ ಸಂದೇಶ ಕೊಟ್ಟು ನೇರ ಖಾತೆಗೆ ಹಣ ಹಾಕಿಸುವುದು. ಶಾಖೆಗಳಿರುವ ದೊಡ್ಡ ಬ್ಯಾಂಕಾದರೆ ಸೇರುತ್ತದೆ. ಸೇವಿಂಗ್ಸಿಗೂ ಸೇರುತ್ತದೆ, ಚೆಕಿಂಗಿಗೂ ಸೇರುತ್ತದೆ. ವೈರ್ ಸಂದೇಶದಲ್ಲಿ ಖಾತೆ ಯಾವ ಜಾತಿಯದು ಅಂತ ಹೇಳಲೇಬೇಕು ಅಂತಿಲ್ಲ. ಬ್ಯಾಂಕ್ ಯಾವುದು, ಖಾತೆ ನಂಬರ್ ಏನು, ಹೆಸರು ಏನು, ಇಷ್ಟೇ ಅಲ್ಲಿಗೆ ಹೋಗುವುದು. ಆ ನಂಬರಿನ ಖಾತೆಗೆ ಅವರು ಜಮಾ ಮಾಡುತ್ತಾರೆ.

ಆದರೂ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಚೆಕಿಂಗ್ ಅಕೌಂಟ್ ಇದ್ದರೆ ಅದಕ್ಕೇ ಕಳಿಸಿ. ಇಲ್ಲದಿದ್ದರೆ ಕಳಿಸುವ ಮೊದಲು ತೆಗೆಸಿ. ಕಾರಣ ಮುಂದೆ ಹೇಳುತ್ತೇನೆ.

ಚೆಕಿಂಗ್ ಅಂದರೆ ನಮ್ಮ ಕರೆಂಟ್ ಅಕೌಂಟಾ?

ಅಲ್ಲ. ನಮ್ಮಲ್ಲಿ ಕರೆಂಟ್ ಅಕೌಂಟ್ ವ್ಯಾಪಾರದವರದು, ಹೋಟೆಲ್ ನಡೆಸುವವರದು. ಅಮೆರಿಕದ ಚೆಕಿಂಗ್ ಅಂದರೆ ಮನೆ ಮಂದಿಯೆಲ್ಲ ದಿನಾ ಬಳಸುವ ಖಾತೆ. ಡೆಬಿಟ್ ಕಾರ್ಡು, ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು ಎಲ್ಲ ಅದರಲ್ಲೇ. ನಾವು ಇಲ್ಲಿ ಸೇವಿಂಗ್ಸ್ ಅಕೌಂಟಿನಿಂದ ಮಾಡುವ ಕೆಲಸವನ್ನೆಲ್ಲ ಅವರು ಚೆಕಿಂಗಿನಿಂದ ಮಾಡುತ್ತಾರೆ. ಅಲ್ಲಿನ ಸೇವಿಂಗ್ಸ್ ಬರೀ ದುಡ್ಡು ತೆಗೆದಿಡುವ ಜಾಗ. ಚೆಕಿಂಗ್ ಥರದ ಖಾತೆಗೆ ಬ್ರಿಟನ್ನಿನಲ್ಲಿ ಕರೆಂಟ್ ಅಕೌಂಟ್ ಅನ್ನುತ್ತಾರೆ, ಕೆನಡಾದಲ್ಲಿ ಚೆಕಿಂಗ್ ಅಂತಲೇ, ಆಸ್ಟ್ರೇಲಿಯಾದಲ್ಲಿ ಟ್ರಾನ್ಸಾಕ್ಷನ್ ಅಕೌಂಟ್, ಜರ್ಮನಿಯಲ್ಲಿ ಗಿರೋಕೊಂಟೋ.

ಎರಡಕ್ಕೂ ಸೇರುತ್ತದೆ ಅಂದ ಮೇಲೆ ಚೆಕಿಂಗೇ ಯಾಕೆ?

ಹಣ ಸೇರಿದ ಮೇಲೆ ಅದರಿಂದ ಕೆಲಸ ಆಗಬೇಕಲ್ವಾ? ಬಾಡಿಗೆ, ಫೀಸು, ಕ್ರೆಡಿಟ್ ಕಾರ್ಡಿನ ಬಾಕಿ ಎಲ್ಲ ಹೋಗುವುದು ಚೆಕಿಂಗಿನಿಂದ. ಸೇವಿಂಗ್ಸಿನಿಂದ ಹೊರಗೆ ಹೋಗುವ ವರ್ಗಾವಣೆಗೆ ಅಮೆರಿಕದಲ್ಲಿ ತಿಂಗಳಿಗೆ 6 ಸಲ ಅನ್ನುವ ಮಿತಿ ಬಹಳ ವರ್ಷ ಇತ್ತು. ಅಲ್ಲಿನ ಫೆಡರಲ್ ರಿಸರ್ವ್ 2020ರ ಏಪ್ರಿಲ್‌ನಲ್ಲಿ ಅದನ್ನು ತೆಗೆಯಿತು. ಆದರೆ ತೆಗೆಯಲೇಬೇಕು ಅಂತ ಬ್ಯಾಂಕುಗಳಿಗೆ ಹೇಳಲಿಲ್ಲ. ಹಾಗಾಗಿ ಕೆಲವು ಬ್ಯಾಂಕುಗಳು ಈಗಲೂ 6 ದಾಟಿದರೆ ಶುಲ್ಕ ಹಾಕುತ್ತವೆ. ಈ ಮಿತಿ ಯಾವತ್ತೂ ಒಳಗೆ ಬರುವ ಹಣಕ್ಕೆ ಇರಲಿಲ್ಲ, ಹೊರಗೆ ಹೋಗುವುದಕ್ಕೆ ಮಾತ್ರ. ಎಷ್ಟೋ ಜನ ಇದನ್ನು ತಿರುವು ಮುರುವು ಮಾಡಿಕೊಂಡು, ಸೇವಿಂಗ್ಸಿಗೆ ವೈರ್ ಬರುವುದೇ ಇಲ್ಲ ಅಂತ ನಂಬಿದ್ದಾರೆ.

ಬಡ್ಡಿಯ ಆಸೆಗೆ ಸೇವಿಂಗ್ಸಿಗೆ ಹಾಕಿಸುವವರೂ ಇದ್ದಾರೆ. ಅಲ್ಲಿನ ದೊಡ್ಡ ಬ್ಯಾಂಕುಗಳ ಸಾಮಾನ್ಯ ಸೇವಿಂಗ್ಸಿನಲ್ಲಿ ವರ್ಷಕ್ಕೆ ಶೇಕಡಾ 0.01ರಂಥ ಬಡ್ಡಿ ಇರುತ್ತದೆ. 10,000 ಡಾಲರ್ ಒಂದು ವರ್ಷ ಇಟ್ಟರೆ ಸಿಗುವುದು 1 ಡಾಲರ್. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಚೆಕಿಂಗಿಗೆ ಬಂದ ಮೇಲೆ ಉಳಿದದ್ದನ್ನು ಮಗಳೇ ಫೋನಿನಿಂದ ಸೇವಿಂಗ್ಸಿಗೆ ಹಾಕಿಕೊಳ್ಳಲಿ. ಒಂದೇ ಬ್ಯಾಂಕಿನೊಳಗೆ ಅದು ನಿಮಿಷದ ಕೆಲಸ, ಖರ್ಚಿಲ್ಲ.

ಎರಡೂ ಖಾತೆಗೆ ಠೇವಣಿ ವಿಮೆ ಒಂದೇ. ಒಬ್ಬರ ಹೆಸರಿನಲ್ಲಿ ಒಂದು ಬ್ಯಾಂಕಿನಲ್ಲಿ ಇರುವುದೆಲ್ಲ ಸೇರಿ 2,50,000 ಡಾಲರ್‌ವರೆಗೆ.

ವೈರ್ ಬರುವುದೇ ಇಲ್ಲ ಅನ್ನುವ ಸೇವಿಂಗ್ಸ್ ಅಕೌಂಟುಗಳೂ ಇವೆಯಾ?

ಇವೆ. ಎಡವಟ್ಟು ಆಗುವುದೇ ಇಲ್ಲಿ. ಶಾಖೆ ಇಲ್ಲದ, ಜಾಸ್ತಿ ಬಡ್ಡಿ ಕೊಡುವ ಆನ್‌ಲೈನ್ ಬ್ಯಾಂಕುಗಳಲ್ಲಿ ಕೆಲವಕ್ಕೆ ಸ್ವಿಫ್ಟ್ ಕೋಡೇ (ಹೊರದೇಶದ ವೈರ್‌ಗೆ ಬ್ಯಾಂಕನ್ನು ಗುರುತಿಸುವ ಕೋಡ್) ಇಲ್ಲ. ಅಮೆರಿಕದೊಳಗಿನ ವೈರ್ ತೆಗೆದುಕೊಳ್ಳುತ್ತವೆ, ಹೊರದೇಶದ್ದು ತೆಗೆದುಕೊಳ್ಳುವುದಿಲ್ಲ.

ಮುಲುಂಡಿನ ಒಬ್ಬ ತಾಯಿ ಇಂಥ ಖಾತೆಗೇ ಮಗಳ ಒಂದು ಸೆಮಿಸ್ಟರ್ ಫೀಸು ಕಳಿಸಿದ್ದರು. ಹಣ ಬಂದಿಲ್ಲ ಅಂತ ಸ್ವಿಫ್ಟ್ ಕಾಪಿ, ಅಂದರೆ ಬ್ಯಾಂಕು ಕಳಿಸಿದ ವೈರ್ ಸಂದೇಶದ ಪ್ರತಿ, ಹಿಡಿದುಕೊಂಡು ನನ್ನ ಹತ್ತಿರ ಬಂದರು. ಕಾಪಿಯಲ್ಲಿ 59ನೇ ಸಾಲು ಹಣ ಪಡೆಯುವವರದು. ಅಲ್ಲಿ ಮಗಳ ಹೆಸರು, ಖಾತೆ ನಂಬರ್ ಎರಡೂ ಸರಿ ಇದ್ದವು. 57ನೇ ಸಾಲು ಖಾತೆ ಇರುವ ಬ್ಯಾಂಕಿನದು. ಅಲ್ಲಿ ಸ್ವಿಫ್ಟ್ ಕೋಡ್ ಇರಬೇಕಾದ ಜಾಗದಲ್ಲಿ ಬರೀ ರೂಟಿಂಗ್ ನಂಬರ್ (ಅಮೆರಿಕದೊಳಗೆ ಬ್ಯಾಂಕನ್ನು ಗುರುತಿಸುವ ನಂಬರ್) ಮತ್ತು ಬ್ಯಾಂಕಿನ ಹೆಸರು ಇತ್ತು. ಮಗಳಿಗೆ ಫೋನ್ ಮಾಡಿಸಿ, ಅವಳ ಬ್ಯಾಂಕಿನ ಪುಟವನ್ನು ಓದಿಸಿದೆ. ರೂಟಿಂಗ್ ನಂಬರಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ದೇಶದೊಳಗಿನ ವೈರ್‌ಗೆ ಮಾತ್ರ ಅಂತ ಇತ್ತು. ಹಣ ನ್ಯೂಯಾರ್ಕ್‌ವರೆಗೆ ಹೋಗಿ, ಅಲ್ಲಿಂದ ಮಗಳ ಬ್ಯಾಂಕಿಗೆ ಹೋಗಿ, ತಿರಸ್ಕೃತವಾಗಿ ವಾಪಸ್ ಬಂತು. ಹೋಗುವಾಗ ಡಾಲರ್ ಮಾರುವ ದರ, ಬರುವಾಗ ಡಾಲರ್ ಕೊಳ್ಳುವ ದರ. ನಡುವಿನ ಬ್ಯಾಂಕುಗಳು ಎರಡು ಸಲ ಶುಲ್ಕ ಹಿಡಿದವು. ಫೀಸಿನ ಕಡೆಯ ದಿನವೂ ದಾಟಿ ಹೋಯಿತು. ಆ ತಾಯಿಯ ತಪ್ಪು ಏನೂ ಇರಲಿಲ್ಲ. ಕೌಂಟರಿನಲ್ಲಿದ್ದವರು ಸ್ವಿಫ್ಟ್ ಕೋಡ್ ಎಲ್ಲಿ ಅಂತ ಒಂದು ಮಾತು ಕೇಳಬೇಕಿತ್ತು.

ಬ್ರಿಟನ್ನಿನಲ್ಲೂ ಅನೇಕ ಸೇವಿಂಗ್ಸ್ ಖಾತೆಗಳಿಗೆ ಹೊರದೇಶದಿಂದ ನೇರ ಹಣ ಹಾಕಲು ಆಗುವುದಿಲ್ಲ. ಜರ್ಮನಿಯ ಟಾಗೆಸ್‌ಗೆಲ್ಡ್ ಅನ್ನುವ ಉಳಿತಾಯ ಖಾತೆ ಸಾಮಾನ್ಯವಾಗಿ ಅದಕ್ಕೆ ಜೋಡಿಸಿದ ಗಿರೋಕೊಂಟೋ ಮೂಲಕವೇ ನಡೆಯುತ್ತದೆ. ಅಲ್ಲೆಲ್ಲ ದಿನಬಳಕೆಯ ಖಾತೆಯ ನಂಬರನ್ನೇ ಕೇಳಿ.

ಫೋನಿನ ಆ್ಯಪಿನಲ್ಲಿ "ಚೆಕಿಂಗಾ, ಸೇವಿಂಗ್ಸಾ" ಅಂತ ಕೇಳುತ್ತದೆ. ಬ್ಯಾಂಕಿನ ಫಾರ್ಮಿನಲ್ಲಿ ಕೇಳುವುದಿಲ್ಲ. ಯಾಕೆ?

ದಾರಿ ಬೇರೆ, ಅದಕ್ಕೆ. ಬ್ಯಾಂಕಿನ ಫಾರ್ಮ್ ತುಂಬಿದರೆ ಹಣ ವೈರ್ ಆಗಿ ಹೋಗುತ್ತದೆ. ಕೆಲವು ಆ್ಯಪ್‌ಗಳು ಕಡೆಯ ಹಂತದಲ್ಲಿ ಅಮೆರಿಕದೊಳಗಿನ ಎಸಿಎಚ್ ಅನ್ನುವ ವ್ಯವಸ್ಥೆಯಲ್ಲಿ ಹಣ ಹಾಕುತ್ತವೆ. ಅದು ನಮ್ಮ ನೆಫ್ಟ್ ಇದ್ದ ಹಾಗೆ. ಎಸಿಎಚ್‌ನಲ್ಲಿ ಖಾತೆಯ ಜಾತಿ ಹೇಳಲೇಬೇಕು. ಚೆಕಿಂಗಿಗೆ ಜಮಾ ಮಾಡುವುದಾದರೆ 22, ಸೇವಿಂಗ್ಸಿಗಾದರೆ 32 ಅನ್ನುವ ಸಂಕೇತ ಹೋಗುತ್ತದೆ. ತಪ್ಪು ಒತ್ತಿದರೆ ಹಣ ವಾಪಸ್ ಬರಬಹುದು.

ಅಂದರೆ ಚೆಕಿಂಗಾ ಸೇವಿಂಗ್ಸಾ ಅನ್ನುವ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಹಣ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ನೋಡಬೇಕು. ದಾರಿ ಗೊತ್ತಾದರೆ ಯಾವ ನಂಬರ್ ಬೇಕು ಅನ್ನುವುದೂ ಗೊತ್ತಾಗುತ್ತದೆ.

ಮಗನಿಂದ ಏನೇನು ತರಿಸಿಕೊಳ್ಳಬೇಕು?

ಅವನ ಹೆಸರು ಬ್ಯಾಂಕಿನಲ್ಲಿ ಇರುವ ಹಾಗೆ. ಅವನ ಅಲ್ಲಿನ ವಿಳಾಸ, ಊರು ಮತ್ತು ದೇಶ ಬೇರೆ ಬೇರೆಯಾಗಿ. ಖಾತೆ ನಂಬರ್. ಬ್ಯಾಂಕಿನ ಹೆಸರು, ವಿಳಾಸ. ಸ್ವಿಫ್ಟ್ ಕೋಡ್. ವೈರ್‌ನ ರೂಟಿಂಗ್ ನಂಬರ್.

ರೂಟಿಂಗ್ ನಂಬರ್ 9 ಅಂಕಿಯದು. ಇದರಲ್ಲಿ ಒಂದು ತೊಡಕಿದೆ. ಚೆಕ್ ಹಾಳೆಯ ಕೆಳಗೆ ಅಚ್ಚಾಗಿರುವ ನಂಬರೇ ವೈರ್‌ಗೂ ನಡೆಯುತ್ತದೆ ಅಂತ ಹೇಳಲಾಗದು. ಕೆಲವು ಬ್ಯಾಂಕುಗಳಲ್ಲಿ ಚೆಕ್ಕಿಗೆ ಮತ್ತು ಎಸಿಎಚ್‌ಗೆ ಒಂದು, ವೈರ್‌ಗೆ ಇನ್ನೊಂದು. ಮಕ್ಕಳು ಚೆಕ್ಕಿನ ಫೋಟೋ ತೆಗೆದು ವಾಟ್ಸಾಪ್ ಮಾಡಿಬಿಡುತ್ತಾರೆ. ಅದು ಬೇಡ. ಬ್ಯಾಂಕಿನ ವೆಬ್‌ಸೈಟಿನಲ್ಲಿ "ಹೊರದೇಶದಿಂದ ವೈರ್ ಪಡೆಯಲು" ಅನ್ನುವ ಪುಟ ಇರುತ್ತದೆ. ಅದನ್ನು ಕಳಿಸಲು ಹೇಳಿ.

ಸ್ವಿಫ್ಟ್ ಕೋಡ್ 8 ಅಥವಾ 11 ಅಕ್ಷರದ್ದು. ಮೊದಲ 4 ಬ್ಯಾಂಕಿನದು, ಮುಂದಿನ 2 ದೇಶದ್ದು, ಆಮೇಲಿನ 2 ಜಾಗದ್ದು, ಕಡೆಯ 3 ಇದ್ದರೆ ಶಾಖೆಯದು. 5 ಮತ್ತು 6ನೇ ಅಕ್ಷರ ಆ ದೇಶದ್ದೇ ಹೌದಾ ಅಂತ ನೋಡಿಕೊಂಡರೂ ಒಂದು ದೊಡ್ಡ ತಪ್ಪು ತಪ್ಪುತ್ತದೆ.

ಮಗನ ಖಾತೆ ಯೂನಿವರ್ಸಿಟಿಯ ಕ್ರೆಡಿಟ್ ಯೂನಿಯನ್ನಿನಲ್ಲಿ ಇದ್ದರೆ ಇನ್ನೊಂದು ವಿವರ ಬೇಕು. ಇವು ನಮ್ಮ ಸಹಕಾರಿ ಸಂಘಗಳ ಹಾಗೆ ಸದಸ್ಯರದ್ದು. ಹಲವಕ್ಕೆ ಸ್ವಂತ ಸ್ವಿಫ್ಟ್ ಕೋಡ್ ಇಲ್ಲ. ಒಂದು ದೊಡ್ಡ ಬ್ಯಾಂಕಿನ ಮೂಲಕ ಹಣ ತರಿಸಿಕೊಳ್ಳುತ್ತವೆ. ಆಗ ಮೊದಲು ಆ ದೊಡ್ಡ ಬ್ಯಾಂಕು, ಆಮೇಲೆ ಕ್ರೆಡಿಟ್ ಯೂನಿಯನ್, ಕಡೆಗೆ ಮಗನ ಖಾತೆ, ಹೀಗೆ ಮೂರು ಮೆಟ್ಟಿಲು ಬರೆಯಬೇಕು. ಕ್ರೆಡಿಟ್ ಯೂನಿಯನ್ನೇ ಇದನ್ನು ಒಂದು ಹಾಳೆಯಲ್ಲಿ ಕೊಡುತ್ತದೆ. ಅಲ್ಲಿ ಇರುವುದನ್ನು ಅಕ್ಷರಕ್ಕೆ ಅಕ್ಷರ ಇಳಿಸಿ.

ಮಗಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲ. ಫಾರ್ಮಿನಲ್ಲಿ ಯಾವ ಹೆಸರು ಬರೆಯಲಿ?

ನಮ್ಮವರಲ್ಲಿ ಇದು ತುಂಬಾ. ಇನಿಷಿಯಲ್ ಇರುತ್ತದೆ, ಇಲ್ಲವೇ ಒಂದೇ ಹೆಸರು. ಅಮೆರಿಕದ ವೀಸಾದಲ್ಲಿ ಹೀಗೆ ಒಂದೇ ಹೆಸರಿದ್ದರೆ ಅದನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (FNU, ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಚುಟುಕು) ಅನ್ನುವ ಮೂರು ಅಕ್ಷರ ಹಾಕುತ್ತಾರೆ. ಕಾವ್ಯ ಅನ್ನುವ ಹುಡುಗಿ ಅಲ್ಲಿನ ಬ್ಯಾಂಕಿನಲ್ಲಿ ಎಫ್‌ಎನ್‌ಯು ಕಾವ್ಯ ಆಗಿರಬಹುದು. ಇಲ್ಲಿ ಅಪ್ಪ ಪ್ರೀತಿಯಿಂದ ತನ್ನ ಹೆಸರನ್ನೂ ಊರಿನ ಹೆಸರನ್ನೂ ಸೇರಿಸಿ ಉದ್ದಕ್ಕೆ ಬರೆಯುತ್ತಾರೆ. ಅಲ್ಲಿ ಹೊಂದಾಣಿಕೆ ಆಗುವುದಿಲ್ಲ, ಹಣ ತಡೆದು ನಿಲ್ಲುತ್ತದೆ. ಖಾತೆಯ ಸ್ಟೇಟ್‌ಮೆಂಟಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.

ಹೆಸರು ಸರಿ ಇದ್ದು ನಂಬರ್ ತಪ್ಪಾದರೆ ಇನ್ನೂ ಕಷ್ಟ. ಹೆಸರು ಒಬ್ಬರದು, ನಂಬರ್ ಇನ್ನೊಬ್ಬರದು ಆದಾಗ ಬರೀ ನಂಬರ್ ನಂಬಿ ಹಣ ಜಮಾ ಮಾಡಲು ಅಮೆರಿಕದ ಕಾನೂನು ಬ್ಯಾಂಕಿಗೆ ಅವಕಾಶ ಕೊಡುತ್ತದೆ. ಹಾಗಾಗಿ ನಂಬರನ್ನು ಇಬ್ಬರು ಓದಿ. ಒಬ್ಬರು ಹೇಳಿ, ಇನ್ನೊಬ್ಬರು ನೋಡಿ.

ಐಬ್ಯಾನ್ ಬೇಕು ಅನ್ನುತ್ತಾರೆ. ಅಮೆರಿಕದ ಖಾತೆಗೆ ಅದು ಎಲ್ಲಿ ಸಿಗುತ್ತದೆ?

ಐಬ್ಯಾನ್ ಅಂದರೆ ದೇಶ, ಬ್ಯಾಂಕು, ಖಾತೆ ಎಲ್ಲವನ್ನೂ ಒಂದರಲ್ಲೇ ಹೇಳುವ ಉದ್ದ ಖಾತೆ ನಂಬರ್. ಅದು ಸಿಗುವುದಿಲ್ಲ, ಅಮೆರಿಕದಲ್ಲಿ ಐಬ್ಯಾನ್ ಇಲ್ಲ. ಕೆನಡಾ, ಆಸ್ಟ್ರೇಲಿಯಾ, ಸಿಂಗಾಪುರ, ಭಾರತದಲ್ಲೂ ಇಲ್ಲ. ಯುರೋಪು, ಬ್ರಿಟನ್, ಕೊಲ್ಲಿ ದೇಶಗಳಲ್ಲಿ ಇದೆ. ಜರ್ಮನಿ ಮತ್ತು ಬ್ರಿಟನ್ನಿನದು 22 ಅಕ್ಷರ, ಯುಎಇಯದು 23. ಕೆನಡಾಕ್ಕೆ 5 ಅಂಕಿಯ ಟ್ರಾನ್ಸಿಟ್ ನಂಬರ್, 3 ಅಂಕಿಯ ಸಂಸ್ಥೆಯ ನಂಬರ್ ಬೇಕು. ಆಸ್ಟ್ರೇಲಿಯಾಕ್ಕೆ ಬ್ಯಾಂಕ್ ಶಾಖೆಯನ್ನು ಗುರುತಿಸುವ 6 ಅಂಕಿಯ ಬಿಎಸ್‌ಬಿ.

ನಾನು 5,000 ಡಾಲರ್ ಕಳಿಸಿದೆ. ಮಗನಿಗೆ ಕಡಿಮೆ ಬಂತು. ಎಲ್ಲಿ ಹೋಯಿತು?

ಸ್ವಿಫ್ಟ್ ಅನ್ನುವುದು ಬರೀ ಸಂದೇಶ ಸಾಗಿಸುವ ಸಂಸ್ಥೆ. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದದ್ದು. ಹಣ ಅದರೊಳಗೆ ಹರಿಯುವುದಿಲ್ಲ. ನಿಮ್ಮ ಮುಂಬಯಿ ಬ್ಯಾಂಕಿಗೆ ನ್ಯೂಯಾರ್ಕಿನ ಒಂದು ದೊಡ್ಡ ಬ್ಯಾಂಕಿನಲ್ಲಿ ಡಾಲರ್ ಖಾತೆ ಇರುತ್ತದೆ. ನೋಸ್ಟ್ರೋ ಅನ್ನುತ್ತೇವೆ. ಸಂದೇಶ ಹೋದ ಮೇಲೆ ಆ ಖಾತೆಯಿಂದ ಡಾಲರ್ ತೆಗೆದು ಮಗನ ಬ್ಯಾಂಕಿಗೆ ಕೊಡುತ್ತಾರೆ. ನಡುವಿನ ಬ್ಯಾಂಕು ತನ್ನ ಪಾಲು ಹಿಡಿಯುತ್ತದೆ. ಮಗನ ಬ್ಯಾಂಕು ಒಳಬರುವ ವೈರ್‌ಗೆ ಇನ್ನೊಂದಿಷ್ಟು ಹಿಡಿಯುತ್ತದೆ. ಅಮೆರಿಕದಲ್ಲಿ ಇದು ಹೆಚ್ಚಾಗಿ 15 ಡಾಲರ್ ಆಸುಪಾಸು. ಕೆಲವು ಕಡೆ ಸೊನ್ನೆ. ಖಾತೆ ಸೇವಿಂಗ್ಸ್ ಆದರೂ ಚೆಕಿಂಗ್ ಆದರೂ ಸಾಮಾನ್ಯವಾಗಿ ಅಷ್ಟೇ.

ಫಾರ್ಮಿನಲ್ಲಿ ಶುಲ್ಕ ಯಾರದು ಅನ್ನುವ ಕಾಲಮ್ ಇರುತ್ತದೆ. ಅವರ್ (OUR) ಅಂದರೆ ದಾರಿಯ ಶುಲ್ಕವೆಲ್ಲ ಕಳಿಸುವವರದು. ಶಾ (SHA) ಅಂದರೆ ಇಲ್ಲಿನದು ನಮ್ಮದು, ಮುಂದಿನದು ಪಡೆಯುವವರದು. ಬೆನ್ (BEN) ಅಂದರೆ ಎಲ್ಲ ಪಡೆಯುವವರದು. ಕಾಲೇಜಿಗೇ ನೇರ ಫೀಸು ಕಳಿಸುವಾಗ ಅವರ್ ಹಾಕಿ. 20 ಡಾಲರ್ ಕಡಿಮೆ ಬಿದ್ದರೂ ಕಾಲೇಜಿನ ಲೆಕ್ಕದಲ್ಲಿ ಬಾಕಿ ಅಂತಲೇ ತೋರಿಸುತ್ತದೆ. ಮಗನ ಖಾತೆಗಾದರೆ ಶಾ ಸಾಕು. ಅವರ್ ಹಾಕಿದರೂ ಮಗನ ಬ್ಯಾಂಕಿನ ಒಳಬರುವ ಶುಲ್ಕ ಅದರಲ್ಲಿ ಸೇರದೆ ಇರಬಹುದು.

ಆದರೆ ನಿಮ್ಮ ಜೇಬಿಗೆ ನಿಜವಾಗಿ ಕತ್ತರಿ ಹಾಕುವುದು ಈ ಶುಲ್ಕಗಳಲ್ಲ, ಡಾಲರ್ ದರ. ಮಾರುಕಟ್ಟೆ ದರಕ್ಕಿಂತ ಬ್ಯಾಂಕು ಡಾಲರಿಗೆ 1 ರೂಪಾಯಿ 50 ಪೈಸೆ ಜಾಸ್ತಿ ಹಾಕಿದರೆ 10,000 ಡಾಲರಿಗೆ 15,000 ರೂಪಾಯಿ. ಶುಲ್ಕ 500 ಉಳಿಸಲು ಚೌಕಾಸಿ ಮಾಡುವವರು ಇದನ್ನು ಕೇಳುವುದೇ ಇಲ್ಲ. ಕೇಳಿ. ಮೊತ್ತ ದೊಡ್ಡದಿದ್ದರೆ ಶಾಖೆಯ ಮ್ಯಾನೇಜರ್ ಟ್ರೆಷರಿಗೆ (ಬ್ಯಾಂಕಿನಲ್ಲಿ ಡಾಲರ್ ದರ ನೋಡಿಕೊಳ್ಳುವ ವಿಭಾಗ) ಫೋನ್ ಮಾಡಿ ದರ ಇಳಿಸಿ ಕೊಡಿಸಬಹುದು. ಕೇಳಿದವರಿಗೆ ಕೊಡುತ್ತಾರೆ, ಸುಮ್ನೆ ಕೂತವರಿಗೆ ಕಾರ್ಡ್ ದರ, ಅಂದರೆ ಬ್ಯಾಂಕು ಎಲ್ಲರಿಗೂ ಅಂತ ಪ್ರಕಟಿಸಿದ ದರ.

ವಿನಿಮಯದ ಮೇಲೆ ಜಿಎಸ್‌ಟಿಯೂ ಇದೆ, ಆದರೆ ಸಣ್ಣದು. 5 ಲಕ್ಷ ರೂಪಾಯಿ ಕಳಿಸಿದರೆ 540 ರೂಪಾಯಿ.

ಎಷ್ಟು ದಿನ ಹಿಡಿಯುತ್ತದೆ?

ಎಲ್ಲ ಸರಿ ಇದ್ದರೆ 1ರಿಂದ 3 ಕೆಲಸದ ದಿನ. ಇಲ್ಲೂ ಬ್ಯಾಂಕ್ ತೆರೆದಿರಬೇಕು, ಅಲ್ಲೂ ತೆರೆದಿರಬೇಕು. ನ್ಯೂಯಾರ್ಕ್ ನಮಗಿಂತ ಬೇಸಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಶುಕ್ರವಾರ ಸಂಜೆ ಕಳಿಸಿದ್ದು ಸೋಮವಾರವೇ ಕೈಗೆ ಸಿಗುವುದು.

ಅಲ್ಲಿನ ಫೀಸಿನ ಸಮಯ ಆಗಸ್ಟ್. ಇಲ್ಲಿ ಮುಂಬಯಿಯಲ್ಲಿ ಆ ಹೊತ್ತಿಗೇ ಸ್ವಾತಂತ್ರ್ಯ ದಿನ, ಪಾರ್ಸಿ ಹೊಸ ವರ್ಷ, ಹಿಂದೆಯೇ ಗಣೇಶ ಚತುರ್ಥಿ. ಎಲ್ಲ ಬ್ಯಾಂಕ್ ರಜೆ. ಕಡೆಯ ದಿನಕ್ಕೆ ವಾರ ಇರುವಾಗ ಎಚ್ಚರಾಗಬೇಡಿ. ಎರಡು ವಾರ ಮೊದಲೇ ಕಳಿಸಿ.

ವಾರ ಆಯಿತು, ಹಣ ಬಂದಿಲ್ಲ. ಏನು ಮಾಡಲಿ?

ಶಾಖೆಗೆ ಹೋಗಿ ಸ್ವಿಫ್ಟ್ ಕಾಪಿ ಕೇಳಿ. ಸಂದೇಶದ ರೂಪ 2025ರ ನವೆಂಬರ್‌ನಲ್ಲಿ ಹೊಸದಾಗಿದೆ, ನಾನು ಮೇಲೆ ಹೇಳಿದ 57, 59ರ ಸಾಲುಗಳು ಹಳೆಯ ರೂಪದವು. ಆದರೆ ಕೌಂಟರಿನಲ್ಲಿ "ಸ್ವಿಫ್ಟ್ ಕಾಪಿ ಕೊಡಿ" ಅಂದರೆ ಈಗಲೂ ಅರ್ಥವಾಗುತ್ತದೆ. ಅದರಲ್ಲಿ ಯುಇಟಿಆರ್ ಅನ್ನುವ 36 ಅಕ್ಷರದ ಉದ್ದ ನಂಬರ್ ಇರುತ್ತದೆ. ನಡುವೆ ಅಡ್ಡಗೆರೆಗಳಿರುತ್ತವೆ. ಕೊರಿಯರ್ ಎಲ್ಲಿದೆ ಅಂತ ನೋಡುವ ಹಾಗೆ, ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಅಂತ ಬ್ಯಾಂಕಿನವರು ಇದರಿಂದ ನೋಡಬಹುದು. ಇದನ್ನೇ ಮಗನಿಗೆ ಕಳಿಸಿ, ಅವನ ಬ್ಯಾಂಕಿನಲ್ಲೂ ಕೇಳಿಸಿ. ಎರಡೂ ಕಡೆಯಿಂದ ಕೇಳಿದರೆ ಬೇಗ ಸಿಗುತ್ತದೆ.

ಹೆಸರೋ ವಿಳಾಸವೋ ತಪ್ಪಾಗಿದ್ದರೆ ತಿದ್ದುಪಡಿ ಸಂದೇಶ ಕಳಿಸಲು ಬರೆದು ಕೊಡಿ. ಬಾಯಿ ಮಾತಲ್ಲಿ ಹೇಳಿ ಬರಬೇಡಿ, ಅರ್ಜಿಯ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಗಾಬರಿಯಿಂದ ಇನ್ನೊಂದು ವೈರ್ ಮಾಡಬೇಡಿ. ಮೊದಲನೆಯದು ಎಲ್ಲಿದೆ ಅಂತ ಗೊತ್ತಾಗುವವರೆಗೆ ಮಗನಿಗೆ ಕಾಲೇಜಿನಿಂದ ಸಮಯ ಕೇಳಲು ಹೇಳಿ. ಸ್ವಿಫ್ಟ್ ಕಾಪಿ ತೋರಿಸಿದರೆ ಎಷ್ಟೋ ಕಾಲೇಜುಗಳು ಒಪ್ಪುತ್ತವೆ.

ಇಲ್ಲಿ ನಾವು ಏನೇನು ಕೊಡಬೇಕು?

ಪ್ಯಾನ್ ಕಾರ್ಡ್, ಎ-2 ಫಾರ್ಮ್ (ಹೊರದೇಶಕ್ಕೆ ಹಣ ಕಳಿಸುವ ಅರ್ಜಿ), ಕಳಿಸುವ ಕಾರಣಕ್ಕೆ ದಾಖಲೆ. ಇದು, ಇಲ್ಲಿ ವಾಸಿಸುವವರು ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆ. 2004ರಲ್ಲಿ 25,000 ಡಾಲರ್ ಮಿತಿಯಿಂದ ಶುರುವಾಗಿ ಈಗ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಆಗಿದೆ.

ಎ-2 ಫಾರ್ಮಿನ ಒಂದು ಕಾಲಮ್ ಮೇಲೆ ನಿಮ್ಮ ಪೂರ್ತಿ ಗಮನ ಇರಲಿ. ಅದೇ ಪರ್ಪಸ್ ಕೋಡ್. ಓದಿನ ಖರ್ಚಿಗೆ ಎಸ್0305, ಕುಟುಂಬದ ನಿರ್ವಹಣೆಗೆ ಎಸ್1301, ಉಡುಗೊರೆಗೆ ಎಸ್1302. ಮಗಳ ಸ್ವಂತ ಖಾತೆಗೆ ಹೋಗುತ್ತಿದೆ ಅಂತ ಕಂಡ ಕೂಡಲೇ ಕೌಂಟರಿನಲ್ಲಿ ನಿರ್ವಹಣೆ ಅಂತ ಬರೆದುಬಿಡುತ್ತಾರೆ. ಇದರಿಂದ ಕೈ ಸುಡುತ್ತದೆ. ಹೇಗೆ ಅಂತ ನೋಡಿ.

ಒಂದು ವರ್ಷದಲ್ಲಿ ಎಲ್‌ಆರ್‌ಎಸ್‌ನಲ್ಲಿ ಕಳಿಸಿದ್ದು 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗದ ಮೇಲೆ ಬ್ಯಾಂಕು ಟಿಸಿಎಸ್ (ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಹಿಡಿಯುತ್ತದೆ. 2025ರ ಏಪ್ರಿಲ್ 1ರವರೆಗೆ ಈ ಮಿತಿ 7 ಲಕ್ಷ ಇತ್ತು. ನಿರ್ವಹಣೆ, ಉಡುಗೊರೆ ಅಂತ ಬರೆದರೆ ದರ ಶೇಕಡಾ 20. ವರ್ಷಕ್ಕೆ 14 ಲಕ್ಷ ಕಳಿಸಿದರೆ 4 ಲಕ್ಷದ ಮೇಲೆ 80,000 ರೂಪಾಯಿ ಅಲ್ಲೇ ಕೈಬಿಟ್ಟು ಹೋಗುತ್ತದೆ. ಓದಿಗೆ ಅಂತ ಬರೆದರೆ ದರ ಇದಕ್ಕಿಂತ ತುಂಬಾ ಕಡಿಮೆ. ಓದು ಅಂದರೆ ಕಾಲೇಜಿಗೆ ಕಟ್ಟುವ ಫೀಸು ಮಾತ್ರ ಅಲ್ಲ. ಓದುವವರ ಟಿಕೆಟ್, ಓದಿಗೆ ಬೇಕಾದ ದಿನನಿತ್ಯದ ಖರ್ಚೂ ಅದರಲ್ಲೇ ಬರುತ್ತದೆ ಅಂತ ನೇರ ತೆರಿಗೆ ಮಂಡಳಿಯ 2023ರ 10ನೇ ಸುತ್ತೋಲೆಯಲ್ಲಿದೆ. ಅಂದರೆ ಹಾಸ್ಟೆಲಿಗೆ, ಊಟಕ್ಕೆ ಅಂತ ಮಗಳ ಚೆಕಿಂಗ್ ಖಾತೆಗೆ ಹಾಕುವ ಹಣವನ್ನೂ ಓದಿನ ಕೋಡಿನಲ್ಲೇ ಕಳಿಸಬಹುದು. ಕಾಲೇಜಿನ ಪ್ರವೇಶ ಪತ್ರ, ಖರ್ಚಿನ ಅಂದಾಜು ಪತ್ರ ಜೊತೆಗಿಡಿ. ಕೌಂಟರಿನಲ್ಲಿ ಒಪ್ಪದಿದ್ದರೆ ಸುತ್ತೋಲೆಯ ಪ್ರತಿ ತೋರಿಸಿ, ಸಮಾಧಾನದಿಂದ ಕೇಳಿ.

ಮಾನ್ಯತೆ ಪಡೆದ ಸಂಸ್ಥೆಯಿಂದ ತೆಗೆದ ಶಿಕ್ಷಣ ಸಾಲದ ಹಣವಾದರೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲ. 10 ಲಕ್ಷದ ಲೆಕ್ಕ ಕಳಿಸುವವರ ಪ್ಯಾನಿಗೆ. ಹಾಗಾಗಿ ಅಪ್ಪ ಅಮ್ಮ ಇಬ್ಬರಿಗೂ ಸ್ವಂತ ದುಡಿಮೆ ಇದ್ದರೆ ಇಬ್ಬರೂ ತಮ್ಮ ತಮ್ಮ ಖಾತೆಯಿಂದ ಕಳಿಸಬಹುದು. ಹಿಡಿದ ಟಿಸಿಎಸ್ ಕಳೆದು ಹೋದ ಹಣ ಅಲ್ಲ. ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಸಿಗುತ್ತದೆ.

ನನ್ನ ಖಾತೆ ಸಹಕಾರಿ ಬ್ಯಾಂಕಿನಲ್ಲಿದೆ. ಅಲ್ಲಿಂದ ಕಳಿಸಬಹುದಾ?

ನಮ್ಮ ಕರಾವಳಿಯ ಎಷ್ಟೋ ಮಂದಿ ಮುಂಬಯಿಯಲ್ಲಿ ಸಹಕಾರಿ ಬ್ಯಾಂಕನ್ನೇ ನಂಬಿ ಬೆಳೆದವರು. ಆದರೆ ವಿದೇಶಿ ವಿನಿಮಯದ ಪರವಾನಗಿ ಎಲ್ಲ ಸಹಕಾರಿ ಬ್ಯಾಂಕಿಗೂ ಇಲ್ಲ. ಇದ್ದರೆ ಅವರೇ ಮಾಡುತ್ತಾರೆ. ಇಲ್ಲದಿದ್ದರೆ ಪರವಾನಗಿ ಇರುವ ಬ್ಯಾಂಕಿನಲ್ಲಿ ಖಾತೆ ತೆಗೆಯಬೇಕು. ಹೊಸ ಖಾತೆಯಾದರೆ ಹಿಂದಿನ ಒಂದು ವರ್ಷದ ಸ್ಟೇಟ್‌ಮೆಂಟ್ ಕೇಳುತ್ತಾರೆ. ಇದನ್ನು ಫೀಸಿನ ವಾರದಲ್ಲಿ ಶುರು ಮಾಡಬೇಡಿ.

10,000 ಡಾಲರ್ ದಾಟಿದರೆ ಅಮೆರಿಕದಲ್ಲಿ ತೊಂದರೆ, ತುಂಡು ಮಾಡಿ ಕಳಿಸಿ ಅನ್ನುತ್ತಾರೆ. ನಿಜವಾ?

ನಿಜ ಅಲ್ಲ. 10,000 ದಾಟಿದರೆ ಬ್ಯಾಂಕು ಅಲ್ಲಿನ ಸರ್ಕಾರಕ್ಕೆ ಕೊಡುವ ವರದಿ ನೋಟು ತಂದು ಕಟ್ಟುವುದಕ್ಕೆ ಮತ್ತು ನೋಟು ತೆಗೆಯುವುದಕ್ಕೆ. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ವೈರ್‌ಗೆ ಅಲ್ಲ. ತುಂಡು ಮಾಡಿದರೆ ಪ್ರತಿ ತುಂಡಿಗೂ ಶುಲ್ಕ, ಮೇಲಿಂದ ಅನುಮಾನ. ಒಂದೇ ಸಲ ಕಳಿಸಿ.

ಇನ್ನೊಂದು ವರದಿ ಇದೆ. ಮಗ ಅಲ್ಲಿ ಕೆಲಸಕ್ಕೆ ಸೇರಿ ತೆರಿಗೆ ಲೆಕ್ಕದಲ್ಲಿ ಅಮೆರಿಕದ ನಿವಾಸಿ ಆದ ಮೇಲೆ, ನೀವು ವರ್ಷದಲ್ಲಿ 1,00,000 ಡಾಲರ್ ದಾಟಿ ಉಡುಗೊರೆ ಕೊಟ್ಟರೆ ಅವನು ಅಲ್ಲಿನ ತೆರಿಗೆ ಇಲಾಖೆಗೆ ಫಾರ್ಮ್ 3520 ಸಲ್ಲಿಸಬೇಕು. ತೆರಿಗೆ ಇಲ್ಲ, ಆದರೆ ಸಲ್ಲಿಸದಿದ್ದರೆ ದಂಡ ದೊಡ್ಡದು. ಮನೆ ಕೊಳ್ಳಲು ಸಹಾಯ ಮಾಡುವವರು ಇದನ್ನು ಮರೆಯಬಾರದು.

ಮಗಳು ಈಗ ದುಡಿಯುತ್ತಿದ್ದಾಳೆ. ಅಲ್ಲಿಂದ ನಮ್ಮ ಸೇವಿಂಗ್ಸ್ ಖಾತೆಗೆ ಕಳಿಸಬಹುದಾ?

ಧಾರಾಳವಾಗಿ. ನಮ್ಮಲ್ಲಿ ಮನೆ ಖರ್ಚಿಗೆ ಮಕ್ಕಳು ಕಳಿಸುವ ಹಣಕ್ಕೆ ಸೇವಿಂಗ್ಸೇ ಸರಿ. ಕೋಡ್ ಪಿ1301. ತಂದೆತಾಯಿಗೆ ಮಕ್ಕಳು ಕೊಟ್ಟದ್ದಕ್ಕೆ ಇಲ್ಲಿ ತೆರಿಗೆ ಇಲ್ಲ, ಮೊತ್ತ ಎಷ್ಟಾದರೂ. ಅದನ್ನು ಠೇವಣಿ ಇಟ್ಟು ಬಂದ ಬಡ್ಡಿಗೆ ತೆರಿಗೆ ಇದೆ. ಪುಣೆಯಲ್ಲಿ ಕೂತು ಹೊರದೇಶದ ಕಂಪನಿಗೆ ಕೆಲಸ ಮಾಡಿಕೊಡುವ ಹುಡುಗರ ವಿಷಯ ಬೇರೆ. ಅದು ದುಡಿಮೆಯ ಹಣ, ಬ್ಯಾಂಕು ಕರೆಂಟ್ ಖಾತೆ ಕೇಳಬಹುದು.

ಒಂದು ಎಚ್ಚರಿಕೆ. ನಮ್ಮವರ ಹಳೆಯ ಖಾತೆಗಳೆಲ್ಲ ವಿಜಯ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕಿನವು. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಐಎಫ್‌ಎಸ್‌ಸಿಗಳು 2021ರಲ್ಲಿ ನಿಂತುಹೋದವು. ಪಾಸ್‌ಬುಕ್ಕಿನ ಹಳೆಯ ಪುಟದ ಫೋಟೋ ಮಗಳಿಗೆ ಕಳಿಸಬೇಡಿ. ಶಾಖೆಗೆ ಹೋಗಿ ಈಗಿನ ಐಎಫ್‌ಎಸ್‌ಸಿ, ಸ್ವಿಫ್ಟ್ ಕೋಡ್ ಎರಡನ್ನೂ ಬರೆಸಿಕೊಂಡು ಬನ್ನಿ. ಶಾಖೆಗೆ ಸ್ವಂತ ಸ್ವಿಫ್ಟ್ ಕೋಡ್ ಇಲ್ಲದಿದ್ದರೆ ಮುಂಬಯಿಯ ವಿದೇಶಿ ವಿನಿಮಯ ಶಾಖೆಯದು ಕೊಡುತ್ತಾರೆ.

ಅಮೆರಿಕದಿಂದ ಹೊರಗೆ ಕಳಿಸುವ ಹಣಕ್ಕೆ 2026ರ ಜನವರಿ 1ರಿಂದ ಶೇಕಡಾ 1 ತೆರಿಗೆ ಬಂದಿದೆ. ಅದು ನೋಟು, ಮನಿ ಆರ್ಡರ್ ಕೊಟ್ಟು ಕಳಿಸುವವರಿಗೆ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ.

ಡೊಂಬಿವಲಿಯ ನಮ್ಮ ಖಾತೆಯಲ್ಲಿ ಮಗನ ಹೆಸರೂ ಇದೆ. ಹಾಗೇ ಬಿಡಬಹುದಾ?

ಬಿಡಬೇಡಿ, ವಿಚಾರಿಸಿ. ಓದಲು ಹೋದವರನ್ನೂ ವಿದೇಶಿ ವಿನಿಮಯದ ನಿಯಮದಲ್ಲಿ ಅನಿವಾಸಿ ಅಂತಲೇ ಲೆಕ್ಕ ಹಾಕುತ್ತಾರೆ. ಮಗನ ಇಲ್ಲಿನ ಸ್ವಂತ ಖಾತೆಯನ್ನು ಅನಿವಾಸಿಗಳಿಗೆ ಇರುವ ಎನ್‌ಆರ್‌ಒ ಮಾಡಿಸಬೇಕು. ನಿಮ್ಮ ಖಾತೆಯಲ್ಲಿ ಅವನ ಹೆಸರು ಇರಿಸುವುದಾದರೆ ಬ್ಯಾಂಕಿಗೆ ಅವನು ಅನಿವಾಸಿ ಅಂತ ತಿಳಿಸಿ.

ಅಲ್ಲಿನ ಕಡೆ ಇದಕ್ಕಿಂತ ಗಂಭೀರ. ಮಗ ಅಮೆರಿಕದ ತೆರಿಗೆ ನಿವಾಸಿ ಆದ ಮೇಲೆ, ಅವನ ಹೆಸರಿರುವ ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಆ ಖಾತೆಗಳ ವಿವರ ಅಮೆರಿಕದ ಸರ್ಕಾರಕ್ಕೆ ಕೊಡುವ ಎಫ್‌ಬಾರ್ ಸಲ್ಲಿಸಬೇಕು. ನೀವು ಜೀವಮಾನವಿಡೀ ಕೂಡಿಟ್ಟ ಠೇವಣಿಯಲ್ಲಿ ಅನುಕೂಲಕ್ಕೆ ಅಂತ ಅವನ ಹೆಸರು ಸೇರಿಸಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಗಡುವು ಏಪ್ರಿಲ್ 15, ತಾನಾಗಿಯೇ ಅಕ್ಟೋಬರ್ 15ರವರೆಗೆ ಮುಂದುವರಿಯುತ್ತದೆ. ಬರೀ ಅನುಕೂಲಕ್ಕಾದರೆ ಜಂಟಿ ಹೆಸರಿನ ಬದಲು ನಾಮಿನಿ ಮಾಡಿ.

ಮೊದಲ ಸಲ ಕಳಿಸುತ್ತಿದ್ದೇನೆ, ಭಯ ಆಗುತ್ತದೆ. ಸ್ವಲ್ಪ ಕಳಿಸಿ ನೋಡಲಾ?

ಸಮಯ ಇದ್ದರೆ ನೋಡಿ. 100 ಡಾಲರ್ ಕಳಿಸಿ, ಎಷ್ಟು ಸೇರಿತು, ಯಾವ ದಿನ ಸೇರಿತು ಅಂತ ಮಗಳಿಂದ ಕೇಳಿಕೊಳ್ಳಿ. ಶುಲ್ಕ ಒಂದು ಸಲ ಜಾಸ್ತಿ ಹೋಗುತ್ತದೆ, ಆದರೆ ಲಕ್ಷಗಟ್ಟಲೆ ಹಣಕ್ಕೆ ಅದು ದುಬಾರಿ ಅಲ್ಲ. ಸರಿಯಾಗಿ ಸೇರಿದ ಫಾರ್ಮಿನ ಪ್ರತಿ ಇಟ್ಟುಕೊಳ್ಳಿ, ಮುಂದೆ ಅದನ್ನೇ ನೋಡಿ ತುಂಬಿ. ನಂತರ ಯಾವತ್ತಾದರೂ "ಖಾತೆ ನಂಬರ್ ಬದಲಾಗಿದೆ" ಅಂತ ಮೇಲ್ ಅಥವಾ ಮೆಸೇಜ್ ಬಂದರೆ, ಅದು ಮಗಳ ಹೆಸರಿನಿಂದ ಬಂದಿದ್ದರೂ, ಕಾಲೇಜಿನ ಹೆಸರಿನಿಂದ ಬಂದಿದ್ದರೂ, ಮೊದಲು ವಿಡಿಯೋ ಕಾಲ್ ಮಾಡಿ ಅವಳ ಬಾಯಿಂದಲೇ ನಂಬರ್ ಹೇಳಿಸಿಕೊಳ್ಳಿ.